ಗೋಡೆಯೊಳಗೆ ಜೇನು ಕಟ್ಟಿದೆಯೇ? ಮೊದಲು ಸ್ಪ್ರೇ ಡಬ್ಬಿ ಕೆಳಗಿಡಿ

ನಮ್ಮ ಹಳೆ ಮನೆಯ ಬಚ್ಚಲ ಗೋಡೆ ಕೆಂಪುಕಲ್ಲಿನದು. ಒಂದು ವರ್ಷ ಅದರ ಸಂದಿಯಲ್ಲಿ ಜೇನು ಸೇರಿತು. ಮನೆಗೆ ಬಂದ ನೆಂಟರೊಬ್ಬರು ಜಿರಳೆಗೆ ಹೊಡೆಯುವ ಸ್ಪ್ರೇ ತಂದು, ತೂತಿಗೆ ಬಾಯಿ ಇಟ್ಟು ಅರ್ಧ ಡಬ್ಬಿ ಖಾಲಿ ಮಾಡಿದರು. ಮರುದಿನ ಒಂದು ಹುಳವೂ ಕಾಣಲಿಲ್ಲ. ಎಲ್ಲರಿಗೂ ಖುಷಿ. ಸ್ವಲ್ಪ ದಿನದಲ್ಲಿ ಗೋಡೆಯಿಂದ ಕಂದು ಬಣ್ಣದ ಅಂಟು ಇಳಿಯತೊಡಗಿತು. ಅದರ ಹಿಂದೆಯೇ ಇರುವೆ ಸಾಲು, ಆಮೇಲೆ ಸತ್ತ ಇಲಿಯಂಥ ವಾಸನೆ. ಕೊನೆಗೆ ಗೋಡೆ ಒಡೆಯಲೇಬೇಕಾಯಿತು.

ಆದದ್ದು ಇಷ್ಟೇ. ಜೇನುಹುಳಗಳು ರೆಕ್ಕೆ ಬೀಸಿ, ನೀರು ತಂದು, ಗೂಡಿನ ಒಳಗಿನ ಬಿಸಿಯನ್ನು 35 ಡಿಗ್ರಿ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತವೆ. ಅವು ಸತ್ತರೆ ಗಾಳಿ ಹಾಕುವವರಿಲ್ಲ. ಬಿಸಿಲಿಗೆ ಮೇಣ ಮೆತ್ತಗಾಗಿ ಎರಿ, ಅಂದರೆ ತುಪ್ಪ ಮರಿ ತುಂಬಿದ ಮೇಣದ ಹಲ್ಲೆ, ಜೋಲುತ್ತದೆ, ಜೇನುತುಪ್ಪ ಸೋರುತ್ತದೆ, ಮರಿಗಳು ಕೊಳೆಯುತ್ತವೆ. ಹಾಗಾಗಿ ಹುಳ ಹೋದರೆ ಸಾಲದು, ಎರಿಯೂ ಹೊರಗೆ ಬರಬೇಕು. ಗೋಡೆಗೆ ಕೈ ಹಾಕುವ ಮುಂಚೆ ಇದೊಂದು ನೆನಪಿರಲಿ.

ಯಾವ ಜೇನು ನೋಡಿ

ನಮ್ಮ ಕಡೆ ಗೋಡೆಯೊಳಗೆ ಸೇರುವುದು ಮುಖ್ಯವಾಗಿ ಎರಡು ಜಾತಿ. ಒಂದು ತುಡುವೆ. ಇದು ಕತ್ತಲ ಜಾಗದಲ್ಲಿ ಒಂದರ ಪಕ್ಕ ಒಂದರಂತೆ ಹಲವು ಎರಿ ಕಟ್ಟುತ್ತದೆ. ಇನ್ನೊಂದು ಮಿಸ್ರಿ ಜೇನು. ಮುಜಂಟಿ, ನಸರು ಎಂದೂ ಕರೆಯುತ್ತಾರೆ. ಸೊಳ್ಳೆಯಷ್ಟು ಸಣ್ಣ ಕಪ್ಪು ಹುಳ, ತೂತಿನ ಬಾಯಿಗೆ ಅಂಟಿನ ಕೊಳವೆ ಕಟ್ಟಿರುತ್ತದೆ. ಅದಕ್ಕೆ ಚುಚ್ಚುವ ಮುಳ್ಳೇ ಇಲ್ಲ. ಮಿಸ್ರಿ ಆದರೆ ಈ ಲೇಖನ ಇಲ್ಲಿಗೇ ನಿಲ್ಲಿಸಿ, ಅದರ ಪಾಡಿಗೆ ಬಿಡಿ.

ಹೆಜ್ಜೇನು ಗೋಡೆಯೊಳಗೆ ಸೇರುವುದಿಲ್ಲ. ಸಜ್ಜದ ಕೆಳಗೆ ಬಯಲಲ್ಲೇ ಒಂದು ದೊಡ್ಡ ಎರಿ ನೇತುಹಾಕುತ್ತದೆ. ಅದರ ತಂಟೆಗೆ ನೀವು ಹೋಗಲೇಬೇಡಿ.

ತುಡುವೆಯೋ ಅಲ್ಲವೋ ಎಂದು ತಿಳಿಯಲು ಒಂದು ಉಪಾಯ ಉಂಟು. ರಾತ್ರಿ ಒಳಗಿನ ಕೋಣೆಯಿಂದ, ಕಿವಿ ಗೋಡೆಗೆ ಹಚ್ಚಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ಕುಟ್ಟಿ. ಒಳಗಿಂದ ಒಮ್ಮೆಲೇ 'ಸ್ಸ್ಸ್' ಅಂತ ಅಲೆಯಂಥ ಸದ್ದು ಬಂದು ನಿಂತರೆ ತುಡುವೆಯೇ. ಬೆದರಿದಾಗ ಅದು ಹೀಗೆ ಬುಸುಗುಟ್ಟುತ್ತದೆ. ಬೇರೆ ಬೇರೆ ಕಡೆ ಕುಟ್ಟಿ, ಸದ್ದು ಎಲ್ಲಿ ಜಾಸ್ತಿಯೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಗೂಡು ಇರುವುದು ಅಲ್ಲಿ. ಹುಳ ಹೋಗಿಬರುವ ತೂತು ಅದಕ್ಕಿಂತ ಒಂದೆರಡು ಅಡಿ ದೂರ ಇರಬಹುದು.

ನಿನ್ನೆಯಷ್ಟೇ ಬಂದದ್ದಾದರೆ ಕೆಲಸ ಸುಲಭ, ಎರಿ ಇನ್ನೂ ಅಂಗೈ ಅಗಲವೂ ಇರುವುದಿಲ್ಲ. ಗೋಡೆಯ ಹೊರಗೆ ಗೊಂಚಲಾಗಿ ಕೂತಿದ್ದರೆ ಅದು ಪಾಲಾಗಿ ಬಂದ ಹಿಂಡು, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ಎದ್ದು ಹೋಗುತ್ತದೆ. ಸುಮ್ನೆ ಕಾಯಿರಿ.

ಮಾಡಬಾರದ್ದು

ತೂತು ಮುಚ್ಚಬೇಡಿ. ಹುಳಗಳು ಬೇರೆ ದಾರಿ ಹುಡುಕಿ ಮನೆಯೊಳಗೇ ಬರುತ್ತವೆ. ಸೀಮೆಎಣ್ಣೆ, ಪಂಜು ಬೇಡ. ಸ್ವಿಚ್‌ಬೋರ್ಡ್ ಅಥವಾ ಮೀಟರ್ ಪೆಟ್ಟಿಗೆಯ ಹಿಂದೆ ಕಟ್ಟಿದ್ದರೆ ಮೊದಲು ಕರೆಂಟ್ ತೆಗೆಸಿ, ಮಿಕ್ಕದ್ದು ಆಮೇಲೆ.

ಗೋಡೆ ಬಿಚ್ಚುವುದು

ಪೆಟ್ಟಿಗೆಯಲ್ಲಿ ಜೇನು ಸಾಕುವವರನ್ನು ಕರೆಯಿರಿ. ಯಾರೂ ಗೊತ್ತಿಲ್ಲದಿದ್ದರೆ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಕೇಳಿ. ಬಹಳ ಜನ ಸಾಕಲು ಒಂದು ಜೇನು ಕುಟುಂಬ ಸಿಗುತ್ತದಲ್ಲ ಎಂದು ಖುಷಿಯಿಂದಲೇ ಬರುತ್ತಾರೆ. ಹೊಸಬರು ಒಬ್ಬರೇ ಮಾಡುವ ಕೆಲಸ ಇದಲ್ಲ. ಆದರೂ ಏನು ನಡೆಯಬೇಕು ಅಂತ ಮನೆಯವರಿಗೆ ಗೊತ್ತಿದ್ದರೆ ಒಳ್ಳೆಯದು, ಯಾಕೆಂದರೆ ತುಪ್ಪ ಹಿಂಡಿಕೊಂಡು ಹೋಗುವುದಕ್ಕೆ ಮಾತ್ರ ಬರುವವರೂ ಇದ್ದಾರೆ.

ಮಳೆ ಇಲ್ಲದ ದಿನ, ಇಳಿಹೊತ್ತು ಅನುಕೂಲ. ತಿಳಿ ಬಣ್ಣದ ಬಟ್ಟೆ, ಮುಖಕ್ಕೆ ಪರದೆ. ಸೆಂಟು ಬೇಡ. ತೆಂಗಿನ ನಾರಿಗೆ ಕಿಚ್ಚು ಹಚ್ಚಿ, ತಿದಿಯಿಂದ ತಣ್ಣನೆ ಹೊಗೆ ಎರಡು ಮೂರು ಸಲ ಊದಿದರೆ ಸಾಕು. ತುಡುವೆಗೆ ಹೊಗೆ ಜಾಸ್ತಿ ಆದರೆ ಗಾಬರಿಯಿಂದ ಎಲ್ಲೆಲ್ಲೋ ಓಡುತ್ತದೆ, ರಾಣಿ ಸಿಗುವುದೇ ಇಲ್ಲ.

ಗುರುತು ಹಾಕಿದಲ್ಲಿ ಗಾರೆ ಬಿಡಿಸಿ, ಕಲ್ಲು ಅಥವಾ ಇಟ್ಟಿಗೆ ಒಂದೊಂದೇ ತೆಗೆಯಬೇಕು. ಎರಿಗಳು ಕಾಣುತ್ತವೆ. ಮೇಲ್ಭಾಗದಲ್ಲಿ ತುಪ್ಪ, ಕೆಳಗೆ ಮೊಟ್ಟೆ ಮರಿ. ಒಂದೊಂದೇ ಎರಿಯನ್ನು ಬುಡದಿಂದ ಕೊಯ್ದು, ತುಪ್ಪದ ಭಾಗ ಬೇರೆ ಮಾಡಿ ಪಾತ್ರೆಗೆ ಹಾಕಿ ಮುಚ್ಚಬೇಕು. ತೆರೆದಿಟ್ಟರೆ ಇರುವೆ ಮುತ್ತುತ್ತದೆ. ಮರಿ ಇರುವ ಎರಿ ಜೇನುಪೆಟ್ಟಿಗೆಯೊಳಗಿನ ಮರದ ಚೌಕಟ್ಟಿಗೆ, ಅಂದರೆ ಫ್ರೇಮಿಗೆ. ಬಾಳೆನಾರಿನಿಂದ ಕಟ್ಟಿ. ಗೋಡೆಯಲ್ಲಿ ಮೇಲಿದ್ದ ಅಂಚು ಇಲ್ಲೂ ಮೇಲೇ ಇರಬೇಕು, ತಲೆಕೆಳಗಾದರೆ ಕೆಡುತ್ತದೆ. ಕೆಲವೇ ದಿನದಲ್ಲಿ ಹುಳಗಳೇ ಮೇಣ ಹಚ್ಚಿ ಬೆಸುಗೆ ಹಾಕಿಕೊಳ್ಳುತ್ತವೆ.

ಇಡೀ ಕೆಲಸದ ಜುಟ್ಟು ರಾಣಿಯ ಕೈಯಲ್ಲಿ. ಉದ್ದ ಹೊಟ್ಟೆಯ, ಸ್ವಲ್ಪ ಕಪ್ಪಗಿನ ಹುಳ. ಅದು ಪೆಟ್ಟಿಗೆ ಸೇರಿದರೆ ಉಳಿದವು ತಾವೇ ಹಿಂದೆ ನಡೆದುಬರುತ್ತವೆ. ಬಾಗಿಲಿಗೆ ರಾಣಿ ತಡೆಯುವ ಗೇಟು ಹಾಕಿ. ತುಡುವೆ ಸಿಟ್ಟಾದರೆ ಗೂಡು ಬಿಟ್ಟು ಹೋಗುವ ಜಾತಿ. ಕತ್ತಲಾಗುವ ತನಕ ಪೆಟ್ಟಿಗೆ ಅಲ್ಲೇ ಇರಲಿ, ಹೊರಗೆ ಹೋದವೆಲ್ಲ ಬಂದು ಸೇರಲಿ. ರಾತ್ರಿ ಬಾಗಿಲು ಮುಚ್ಚಿ ಎರಡು ಮೂರು ಕಿಲೋಮೀಟರ್ ಆಚೆ ಒಯ್ಯಬೇಕು. ಹತ್ತಿರದಲ್ಲೇ ಇಟ್ಟರೆ ಮರುದಿನ ಬಚ್ಚಲ ಗೋಡೆಗೇ ವಾಪಸ್. ಸಕ್ಕರೆ ಪಾಕ ಕೆಲವು ದಿನ ಕೊಟ್ಟರೆ ನೆಲೆ ನಿಲ್ಲುತ್ತದೆ.

ಯಾರಿಗಾದರೂ ಚುಚ್ಚಿದರೆ ಮುಳ್ಳನ್ನು ಉಗುರಿನಿಂದ ಕೆರೆದು ತಕ್ಷಣ ತೆಗೆಯಿರಿ, ಆ ಜಾಗ ತೊಳೆಯಿರಿ. ಚುಚ್ಚಿದ ಕಡೆ ಮಾಗಿದ ಬಾಳೆಹಣ್ಣಿನಂಥ ವಾಸನೆ ಬರುತ್ತದೆ. ಅದು ಉಳಿದ ಹುಳಗಳಿಗೆ 'ಇಲ್ಲಿ ಬನ್ನಿ' ಅನ್ನುವ ಕರೆ. ಉಸಿರು ಕಟ್ಟಿದರೆ, ಮುಖ ಗಂಟಲು ಊದಿಕೊಂಡರೆ ಅಥವಾ ಬಹಳ ಕಡೆ ಚುಚ್ಚಿದ್ದರೆ ಸುಣ್ಣ ಅರಿಸಿನ ಅಂತ ಕೂರಬೇಡಿ, ಆಸ್ಪತ್ರೆಗೆ ಓಡಿ.

ಒಡೆಯಲು ಆಗದ ಗೋಡೆಗೆ

ಭಾರ ಹೊತ್ತ ಕಲ್ಲಿನ ಗೋಡೆ ಆದರೆ ಬೇರೆ ದಾರಿ. ಕಬ್ಬಿಣದ ಬಲೆಯನ್ನು ಆಲಿಕೆಯಂತೆ ಸುತ್ತಿ, ಅಗಲ ಬಾಯಿ ತೂತಿಗೆ, ಒಂದು ಹುಳ ಹಿಡಿಸುವ ತುದಿ ಹೊರಗೆ. ಮಿಕ್ಕ ಸಂದಿಗಳೆಲ್ಲ ಮುಚ್ಚಬೇಕು. ಹೊರಟ ಹುಳಕ್ಕೆ ಒಳಗೆ ಹೋಗಲು ದಾರಿ ಗೊತ್ತಾಗುವುದಿಲ್ಲ. ಪಕ್ಕದಲ್ಲೇ, ಬೇರೆ ಕುಟುಂಬದ ಮೊಟ್ಟೆ ಮರಿ ಇರುವ ಒಂದು ಫ್ರೇಮ್ ಹಾಕಿದ ಪೆಟ್ಟಿಗೆ ಇಟ್ಟರೆ ಅಲ್ಲಿ ಸೇರುತ್ತದೆ. ಮೊಟ್ಟೆ ಹುಳವಾಗಲು ಹತ್ತಿರ ಹತ್ತಿರ 3 ವಾರ ಬೇಕು, ಹಾಗಾಗಿ ಒಂದೂವರೆ ತಿಂಗಳಾದರೂ ತಾಳ್ಮೆ ಬೇಕು. ರಾಣಿ ಹೆಚ್ಚಾಗಿ ಹೊರಗೆ ಬರುವುದಿಲ್ಲ. ಒಳಗೆ ಓಡಾಟ ನಿಂತ ಮೇಲೆ ಬಲೆ ತೆಗೆಯಿರಿ, ಪೆಟ್ಟಿಗೆಯ ಹುಳಗಳೇ ಒಳಗೆ ಹೋಗಿ ಉಳಿದ ತುಪ್ಪ ದೋಚಿ ತರುತ್ತವೆ. ಖಾಲಿ ಎರಿ ಮಾತ್ರ ಗೋಡೆಯಲ್ಲೇ ಉಳಿಯುತ್ತದೆ. ಈ ವಿಧಾನದ ಕೊರತೆ ಅದೇ, ಎರಿ ತಿನ್ನುವ ಮೇಣದ ಹುಳ ಬರುವುದನ್ನು ತಪ್ಪಿಸಲಾಗದು.

ಕೊನೆಗೆ ಗಾರೆ

ಬಿಚ್ಚಿದ ಪೊಟರೆಯಿಂದ ಮೇಣ ಪೂರ್ತಿ ಕೆರೆದು, ಸೋಪಿನ ನೀರಲ್ಲಿ ಉಜ್ಜಿ, ಒಣಗಿದ ಮೇಲೆ ಸುಣ್ಣ ಬಳಿಯಿರಿ. ಒಳಗಿನ ಟೊಳ್ಳನ್ನೇ ಕಲ್ಲುಚೂರು ಗಾರೆಯಿಂದ ತುಂಬಿ. ಹೊರಗಿನ ತೂತು ಮುಚ್ಚಿದರಷ್ಟೇ ಸಾಲದು. ಕಿಟಕಿ ಚೌಕಟ್ಟಿನ ಸಂದು, ಪೈಪು ಹೊಕ್ಕ ಜಾಗ ಎಲ್ಲ ನೋಡಿ, ಪೆನ್ಸಿಲ್ ತೂರುವಷ್ಟು ತೂತು ಅವಕ್ಕೆ ಹೆಬ್ಬಾಗಿಲು. ಹಳೆ ಮೇಣದ ವಾಸನೆ ಹಿಡಿದು ಮುಂದಿನ ಹೂವಿನ ಕಾಲಕ್ಕೆ ನಾಲ್ಕಾರು ಹುಳ ಬಂದು ಗೋಡೆ ಮೂಸಿ ನೋಡಿಯೇ ನೋಡುತ್ತವೆ. ಮನೆ ಹುಡುಕಲು ಬಂದ ಹುಳಗಳು ಅವು. ಆ ಹೊತ್ತಿಗೆ ಒಳಗೆ ಸ್ವಲ್ಪ ಮೇಣ ಸವರಿದ ಖಾಲಿ ಪೆಟ್ಟಿಗೆಯೊಂದನ್ನು ಹಿತ್ತಲ ನೆರಳಲ್ಲಿ ಇಟ್ಟಿರಿ. ನಮ್ಮಲ್ಲಿ ಮೂರನೇ ವರ್ಷ ಅದರಲ್ಲಿ ಬಂದು ಕೂತವು.