ನೇರಳೆ ಕಾಡಿಗೆ ಬೆಳಕು ಬಂದದ್ದು ಹೀಗೆ

ಮರಗಳಿಗೆ ನೇರಳೆ, ನೆಲಕ್ಕೆ ಕೆಂಪು, ಎಲೆಗಳ ಸಂದಿನ ಆಕಾಶಕ್ಕೆ ಹಳದಿ ಹಚ್ಚಿ ಕಾಡು ಬಿಡಿಸಬೇಕೆಂಬುದು ನನ್ನ ಬಹುದಿನಗಳ ಆಸೆ. ಮೂರು ಕ್ಯಾನ್ವಾಸ್ ಕೆಟ್ಟವು. ಬಣ್ಣಗಳ ಗದ್ದಲವಿತ್ತು, ಬೆಳಕು ಮಾತ್ರ ಎಲ್ಲಿಯೂ ಇರಲಿಲ್ಲ.

1888ರಲ್ಲಿ ಫ್ರಾನ್ಸಿನ ಪಾಂಟ್-ಅವೆನ್ ಬಳಿಯ ಕಾಡಿನಲ್ಲಿ ಚಿತ್ರಕಾರ ಪಾಲ್ ಗೊಗ್ಯಾಂ, ಕಿರಿಯ ಕಲಾವಿದ ಪಾಲ್ ಸೆರೂಸಿಯೆಗೆ ಮರ ಹಳದಿಯಾಗಿ ಕಂಡರೆ ಹಳದಿಯನ್ನೇ ಹಚ್ಚಲು ಹೇಳಿದ್ದನ್ನು ಓದಿದ್ದೆ. ಅದನ್ನು ನಂಬಿ ಎಲ್ಲೆಡೆ ಶುದ್ಧ ಬಣ್ಣ ಸುರಿದಿದ್ದೆ.

ತಪ್ಪು ತಿಳಿದದ್ದು ಚಿತ್ರದ ಫೋಟೊವನ್ನು ಮೊಬೈಲ್‌ನಲ್ಲಿ ಕಪ್ಪು-ಬಿಳುಪಾಗಿಸಿ ನೋಡಿದಾಗ. ಇಡೀ ಕಾಡು ಒಂದೇ ಬೂದು! ಕೆಂಪು ನೆಲ, ಹಸಿರು ಪೊದೆ, ನೀಲಿ ಕಾಂಡ ಎಲ್ಲವೂ ಒಂದೇ ಮಟ್ಟದ ಗಾಢತೆಯಲ್ಲಿದ್ದವು. ತಿಳಿ ಮತ್ತು ಗಾಢಗಳ ಅಂತರ ಸರಿಯಿದ್ದರೆ ಕಾಂಡ ಗುಲಾಬಿಯಾಗಿದ್ದರೂ ಕಣ್ಣು ಒಪ್ಪುತ್ತದೆ. ಅದಿಲ್ಲದಿದ್ದರೆ ಎಂಥ ಬಣ್ಣವೂ ಬೆಳಕಾಗುವುದಿಲ್ಲ.

ನಾಲ್ಕನೆಯ ಕ್ಯಾನ್ವಾಸಿಗೆ ಮೊದಲು ತೆಳುವಾಗಿ ಕಿತ್ತಳೆ ಅಕ್ರಿಲಿಕ್ ಬಣ್ಣ ಬಳಿದು ಒಣಗಲು ಬಿಟ್ಟೆ. ಅದರ ಮೇಲೆ ಮೂರೇ ಮಟ್ಟ: ಹತ್ತಿರದ ಕಾಂಡಗಳಿಗೆ ಗಾಢ ನೇರಳೆ, ನಡುವಿನ ಪೊದೆಗಳಿಗೆ ನೀಲಿ ಬೆರೆತ ಹಸಿರು, ಬೆಳಕು ಬೀಳುವ ಒಂದೇ ಜಾಗಕ್ಕೆ ಬಿಳಿ ಸೇರಿಸಿದ ಹಳದಿ. ನೇರಳೆ, ಹಳದಿ ಪರಸ್ಪರ ವಿರುದ್ಧ ಬಣ್ಣಗಳು. ಹಸಿಯಾಗಿ ಬೆರೆತರೆ ಕೆಸರಾಗುತ್ತವೆ, ಪಕ್ಕಪಕ್ಕ ನಿಂತರೆ ಎರಡೂ ಹೊಳೆಯುತ್ತವೆ. ಹೀಗಾಗಿ ಒಂದು ಒಣಗುವವರೆಗೆ ಇನ್ನೊಂದನ್ನು ಮುಟ್ಟಲಿಲ್ಲ. ಕುಂಚವನ್ನೂ ಬೇರೆಯೇ ಇಟ್ಟೆ.

ಎರಡು ಕಾಂಡಗಳ ನಡುವೆ ಕೂದಲೆಳೆಯಷ್ಟು ಕಿತ್ತಳೆಯನ್ನು ಮುಚ್ಚದೆ ಹಾಗೆಯೇ ಉಳಿಸಿದ್ದೇನೆ. ದೂರ ನಿಂತು ನೋಡಿದರೆ ಅಲ್ಲಿ ಹೊತ್ತು ಮುಳುಗುತ್ತಿದೆ.