ಘಟ್ಟ ಇಳಿಯುವ ಮೊದಲು ಬ್ರೇಕಿನ ಗಾಳಿ ತೆಗೆಯಿರಿ

ಶಿರಸಿಯಿಂದ ಕುಮಟಾ ಕಡೆಗೆ ದೇವಿಮನೆ ಘಟ್ಟ ಇಳಿಯುವಾಗ ಒಮ್ಮೆ ನನ್ನ ಕಾರಿನ ಬ್ರೇಕ್ ಪೆಡಲ್ ಮೆತ್ತಗಾಯಿತು. ನಾಲ್ಕೈದು ಸಲ ಪಂಪ್ ಮಾಡಿ, ಗೇರ್ ಇಳಿಸಿ, ಹೇಗೋ ಬದಿಗೆ ನಿಲ್ಲಿಸಿದೆ. ತಣಿದ ಮೇಲೆ ಪೆಡಲ್ ಮತ್ತೆ ಗಟ್ಟಿ! ಪ್ಯಾಡ್ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಬ್ರೇಕ್ ಆಯಿಲ್.

ಪೆಡಲ್ ಒತ್ತಿದ ಬಲವನ್ನು ಪೈಪಿನ ಮೂಲಕ ಚಕ್ರಕ್ಕೆ ಮುಟ್ಟಿಸುವುದು ಈ ಆಯಿಲ್. ಒತ್ತಿದರೆ ಇದು ಕುಗ್ಗುವುದಿಲ್ಲ ಅಂತೀವಿ. ಸ್ವಲ್ಪ ಕುಗ್ಗುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಒತ್ತಡ 100 ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು ನೂರು ಪಟ್ಟು, ಮುಟ್ಟಬಹುದು. ಅಷ್ಟಾದರೂ ಒಂದು ಲೀಟರ್ ಆಯಿಲ್ ಸುಮಾರು 5 ಮಿಲಿ ಮಾತ್ರ ಕಡಿಮೆಯಾಗುತ್ತದೆ, ಒಂದು ಚಮಚೆಯಷ್ಟು. ಅದೇ ಒತ್ತಡಕ್ಕೆ ಗಾಳಿ ಹೆಚ್ಚುಕಡಿಮೆ ನೂರರಲ್ಲಿ ಒಂದು ಪಾಲಾಗುತ್ತದೆ. ಪೈಪಿನಲ್ಲಿ ಗುಳ್ಳೆ ಇದ್ದರೆ ನಿಮ್ಮ ಕಾಲಿನ ಶ್ರಮವೆಲ್ಲ ಅದನ್ನು ಹಿಂಡುವುದಕ್ಕೇ ಹೋಗುತ್ತದೆ.

ಗುಳ್ಳೆ ಎಲ್ಲಿಂದ ಬರುತ್ತದೆ? ಡಾಟ್ 3, ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ತೇವ ಹೀರುತ್ತದೆ. ನಮ್ಮ ಕರಾವಳಿಯ ಮಳೆಗಾಲ ಹೇಗಿರುತ್ತದೆ ಗೊತ್ತಲ್ವಾ? ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೂರರಲ್ಲಿ 3.7 ಪಾಲು ನೀರು ಸೇರಿದರೆ 155 ಡಿಗ್ರಿಗೇ ಕುದಿಯಬಹುದು. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇದ್ದರೆ ಅಷ್ಟು ಬಿಸಿಯಾಗುವುದು ಕಷ್ಟವೇನಲ್ಲ. ಕುದಿದರೆ ಆವಿಯ ಗುಳ್ಳೆ.

ಮನೆಯಲ್ಲೇ ಹೀಗೆ ನೋಡಿ. ಎಂಜಿನ್ ಆಫ್ ಮಾಡಿ, ಪೆಡಲ್ ಐದಾರು ಸಲ ಒತ್ತಿ, ಆಮೇಲೆ ಒತ್ತಿ ಹಿಡಿಯಿರಿ. ಕಲ್ಲಿನಂತೆ ನಿಂತರೆ ಗಾಳಿ ಸೇರಿಲ್ಲ, ಆದರೆ ಆಯಿಲ್ ತೇವ ಹೀರಿದೆಯೇ ಎಂದು ಇದರಿಂದ ತಿಳಿಯುವುದಿಲ್ಲ. ಸ್ಪಂಜಿನಂತೆ ಇದ್ದರೆ ಗಾಳಿ ಸೇರಿದೆ. ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರಿಕೆ, ಅಥವಾ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಕೆಟ್ಟಿದೆ. ಆಗ ಗಾಡಿ ಓಡಿಸಬೇಡಿ.

ಗಾಳಿ ತೆಗೆಯಲು ಇಬ್ಬರು ಬೇಕು. ಬ್ರೇಕ್ ಆಯಿಲ್ ತುಂಬುವ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ ನಂಬರಿನದೇ ಹೊಸ ಬಾಟಲಿ ತನ್ನಿ. ಎಂಜಿನ್ ಆಯಿಲ್ ಮಾತ್ರ ಸುರಿಯಬೇಡಿ, ರಬ್ಬರ್ ಸೀಲು ಊದಿಕೊಂಡು ಹಾಳಾಗುತ್ತದೆ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು. ಅಲ್ಲಿ ಬ್ರೇಕಿನ ಮೇಲೆ ಗಾಳಿ ಬಿಡುವ ಸಣ್ಣ ತಿರುಪು ಇರುತ್ತದೆ, ಅದೇ ನಿಪ್ಪಲ್. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ.

ಇನ್ನು ಮಾತೇ ಮುಖ್ಯ. ನಮ್ಮ ಮನೆಯಲ್ಲಿ ನಾನು ಚಕ್ರದ ಹತ್ತಿರ, ತಮ್ಮ ಸೀಟಿನಲ್ಲಿ. ‘ಒತ್ತಿ ಹಿಡಿ ತಮಾ’ ಅನ್ನುತ್ತೇನೆ. ‘ಹಿಡಿದೆ’ ಅನ್ನುತ್ತಾನೆ. ನಿಪ್ಪಲ್ ಕಾಲು ಸುತ್ತು ಸಡಿಲ ಮಾಡಿದ ಕೂಡಲೇ ಚಹಾದ ಬಣ್ಣದ ಆಯಿಲ್ ಗುಳ್ಳೆಗಳ ಜೊತೆ ಇಳಿಯುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ‘ಬಿಡು’. ಈ ಕ್ರಮ ತಪ್ಪಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ತಿಳಿ ಬಣ್ಣದ ಆಯಿಲ್ ಗುಳ್ಳೆಯಿಲ್ಲದೆ ಬರುವವರೆಗೆ ಮಾಡಿ. ನಡುನಡುವೆ ಮೇಲಿನ ಡಬ್ಬಿ ನೋಡುತ್ತಿರಿ, ಖಾಲಿಯಾದರೆ ಪುನಃ ಮೊದಲಿನಿಂದ ಮಾಡಬೇಕು. ಪೇಂಟಿನ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕೆಲವು ಗಾಡಿಗಳಿಗೆ ಸ್ಕ್ಯಾನರ್ ಬೇಕಾಗುತ್ತದೆ, ಅದನ್ನು ಗ್ಯಾರೇಜಿಗೇ ಬಿಡಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಸೀಲು ಒಡೆದ ಬಾಟಲಿಯಲ್ಲಿ ಉಳಿದದ್ದನ್ನು ಮುಂದಿನ ಮಳೆಗಾಲಕ್ಕೆ ಎತ್ತಿಡಬೇಡಿ. ಕೆಲಸ ಮುಗಿದ ಮೇಲೆ ಮೊದಲು ಮನೆ ಹತ್ತಿರದ ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಬ್ರೇಕ್ ಹಾಕಿ ನೋಡಿ, ಆಮೇಲೆ ಘಟ್ಟ.