ತೋಟದಾಚೆಯ ವರ್ಕ್‌ಶಾಪಿಗೆ ಇಂಟರ್ನೆಟ್ ಎಳೆದಿದ್ದು: ನನ್ನ ಅನುಭವ

ನಮ್ಮದು ಸಾಗರ ತಾಲ್ಲೂಕು. ಮನೆ ದಿಣ್ಣೆಯ ಮೇಲೆ, ಅಡಿಕೆ ತೋಟ ಕೆಳಗೆ, ತೋಟ ದಾಟಿದರೆ ಹಳೆಯ ಕೊಟ್ಟಿಗೆ. ಆ ಕೊಟ್ಟಿಗೆಯೇ ಈಗ ನನ್ನ ಮರಗೆಲಸದ ವರ್ಕ್‌ಶಾಪ್. ಜಂಬಿಟ್ಟಿಗೆ ಗೋಡೆ, ಮೇಲೆ ತಗಡಿನ ಶೀಟು. ಕಾಲುದಾರಿ ಹಿಡಿದು ಅಳೆದರೆ ಮನೆಯಿಂದ 130 ಮೀಟರ್ ಆಸುಪಾಸು. ಮನೆಗೆ ಫೈಬರ್ ಬಂದಿದೆ. ಮೊಬೈಲ್ ಸಿಗ್ನಲ್ ಮಾತ್ರ ಗುಡ್ಡ ಹತ್ತಿದರೆ ಸಿಗುತ್ತದೆ.

ಮರ ಕೊಯ್ಯುವವನಿಗೆ ನೆಟ್ ಯಾಕೆ ಅಂತ ಕೇಳುವವರು ಈಗಲೂ ಇದ್ದಾರೆ. ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಸಿಎನ್‌ಸಿ ಯಂತ್ರಕ್ಕೆ ಡಿಸೈನ್ ಫೈಲ್ ಬರಬೇಕು. ಬೆಂಗಳೂರಿನ ಗಿರಾಕಿಗೆ ಹಲಗೆಯ ಎಳೆ ಹೇಗಿದೆ ಅಂತ ವಿಡಿಯೊ ಕಾಲ್‌ನಲ್ಲಿ ತೋರಿಸಬೇಕು. ದುಡ್ಡು ಬಂತಾ ಅಂತ ನೋಡಲು ಪ್ರತಿ ಸಲ ತೋಟ ದಾಟಿ ಮನೆಗೆ ಹೋಗಲು ಆಗುವುದಿಲ್ಲ.

ಕೇಳಿದವರೆಲ್ಲ ಮೊದಲು ಹೇಳಿದ್ದು ವೈಫೈ ರಿಪೀಟರ್, ಅಂದರೆ ಮನೆಯ ವೈಫೈ ಹಿಡಿದು ಮುಂದಕ್ಕೆ ಬಿಡುವ ಪೆಟ್ಟಿಗೆ. ಅದು ಪಕ್ಕದ ಕೋಣೆಗೆ ಸರಿ. ತೋಟದ ಆಚೆಗೆ, ಅದೂ ತಗಡಿನ ಮಾಡಿನ ಕೆಳಗೆ, ಸುಮ್ನೆ ದುಡ್ಡು ದಂಡ. ಎರಡನೆಯ ಸಲಹೆ, ಎದುರುಬದುರು ಆಂಟೆನಾ ಇಟ್ಟು 5 ಗಿಗಾಹರ್ಟ್ಸ್ ವೈರ್‌ಲೆಸ್ ಬ್ರಿಜ್ ಮಾಡುವುದು. ಅದು ಒಳ್ಳೆಯ ದಾರಿಯೇ. ನಮ್ಮಲ್ಲಿ 2018ರಿಂದ ಆ ಬ್ಯಾಂಡಿನ ಹೆಚ್ಚಿನ ಭಾಗಕ್ಕೆ ಹೊರಾಂಗಣದಲ್ಲೂ ಲೈಸೆನ್ಸ್ ಬೇಕಿಲ್ಲ. ಮಧ್ಯೆ ಬರೀ ಗದ್ದೆ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಎರಡು ಆಂಟೆನಾಗಳಿಗೆ ಒಂದರ ಮುಖ ಒಂದಕ್ಕೆ ಕಾಣಬೇಕು. ನನ್ನ ಮಧ್ಯೆ ಇರುವುದು ಅಡಿಕೆ ಮರ. ಮಳೆಗಾಲದಲ್ಲಿ ನೆನೆದ ಸೋಗೆ ಆ ಸಿಗ್ನಲ್ಲನ್ನು ಕುಡಿದುಬಿಡುತ್ತದೆ.

ಇನ್ನು ಉಳಿದಿದ್ದು ಕೇಬಲ್. ಮಾಮೂಲಿ ತಾಮ್ರದ ಲ್ಯಾನ್ ಕೇಬಲ್‌ಗೆ 100 ಮೀಟರ್ ಮಿತಿ ಇದೆ, ಹಾಗಾಗಿ ನನಗೆ ಆಗುತ್ತಿರಲಿಲ್ಲ. 50 ಮೀಟರ್ ದೂರವಿದ್ದರೂ ನಾನು ಅದನ್ನು ಎಳೆಯುತ್ತಿರಲಿಲ್ಲ. ಕಾರಣ ಸಿಡಿಲು. ಮುಂಗಾರಿಗೆ ಮುಂಚಿನ ಗುಡುಗು ಶುರುವಾದರೆ ನಮ್ಮ ಕಡೆ ಎಲ್ಲರೂ ಮೊದಲು ಮಾಡುವ ಕೆಲಸ ಮೋಡೆಮ್ ಪ್ಲಗ್ ಕೀಳುವುದು. ನಮ್ಮ ಭಾವ ಮನೆಯಿಂದ ಅಡಿಕೆ ಒಣಗಿಸುವ ಶೆಡ್‌ಗೆ ಲ್ಯಾನ್ ಕೇಬಲ್ ಎಳೆಸಿದ್ದರು. ಒಂದು ಸಂಜೆ ಸಿಡಿಲು ಬಡಿದದ್ದು ತೋಟದ ಮರಕ್ಕೆ. ಸುಟ್ಟದ್ದು ರೌಟರ್, ಶೆಡ್ಡಿನ ಕ್ಯಾಮೆರಾ ಪೆಟ್ಟಿಗೆ, ಜೊತೆಗೆ ಟಿವಿ.

ತಂತಿಗೇ ಬಡಿಯಬೇಕೆಂದಿಲ್ಲ. ಹತ್ತಿರದಲ್ಲಿ ಸಿಡಿಲು ನೆಲಕ್ಕಿಳಿದಾಗ ಮನೆಯ ನೆಲಕ್ಕೂ ಶೆಡ್ಡಿನ ನೆಲಕ್ಕೂ ಆ ಕ್ಷಣ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು. ಎರಡಕ್ಕೂ ನಡುವೆ ತಾಮ್ರದ ಎಳೆ ಇದ್ದರೆ ಕರೆಂಟು ಅದರಲ್ಲೇ ಹರಿಯುತ್ತದೆ, ಕೊನೆಯಲ್ಲಿರುವ ಪೆಟ್ಟಿಗೆಗಳನ್ನು ಸುಡುತ್ತದೆ. ಫೈಬರ್ ಎಂದರೆ ಗಾಜು. ಗಾಜಿನಲ್ಲಿ ಬೆಳಕು ಹೋಗುತ್ತದೆ, ಕರೆಂಟು ಹೋಗುವುದಿಲ್ಲ. ಅದಕ್ಕೇ ಫೈಬರ್ ಆಯ್ದುಕೊಂಡೆ. ಸ್ಪೀಡ್ ಅನ್ನುವುದು ಆಮೇಲಿನ ಮಾತು.

ಇಲ್ಲೊಂದು ವಿಷಯ. ಕಂಬದಿಂದ ಮನೆಗೆ ಎಳೆಯುವ ಚಪ್ಪಟೆ ಫೈಬರ್ ಕೇಬಲ್ಲಿನಲ್ಲಿ ಬಹಳಷ್ಟಕ್ಕೆ ಪಕ್ಕದಲ್ಲೇ ಸ್ಟೀಲ್ ತಂತಿ ಇರುತ್ತದೆ. ಅದನ್ನೇ ಹಾಕಿದರೆ ಗಾಜಿನ ಲಾಭ ಅರ್ಧ ಹೋಯಿತು, ಅಲ್ವಾ? ಸ್ಟೀಲ್ ಇಲ್ಲದ, ಫೈಬರ್‌ಗ್ಲಾಸ್ ಕಡ್ಡಿಯ ಕೇಬಲ್ ಬೇಕು ಅಂತ ಕೇಳಬೇಕು. ಅಂಗಡಿಯವರು ‘ಎಲ್ಲಾ ಒಂದೇ ಸಾರ್’ ಎನ್ನುತ್ತಾರೆ. ನಾನು ಅಯಸ್ಕಾಂತ ಇಟ್ಟುಕೊಂಡು ಹೋಗಿದ್ದೆ. ತುದಿ ಸುಲಿದು ಕಡ್ಡಿಗೆ ಹಿಡಿದರೆ ಗೊತ್ತಾಗುತ್ತದೆ. ಅಂಟಿದರೆ ಸ್ಟೀಲ್.

ತೋಟದಲ್ಲಿ ಮೇಲಿಂದ ಕೇಬಲ್ ಎಳೆದರೆ ಸೋಗೆ ಬೀಳುತ್ತದೆ, ಮಂಗ ಜೋತಾಡುತ್ತದೆ. ಹಾಗಾಗಿ ನೆಲದಡಿಗೇ ಹಾಕಿದೆ. ಸ್ಪ್ರಿಂಕ್ಲರ್ ಲೈನಿಗೆ ಹೇಗೂ ಕಾಲುವೆ ತೋಡಿಸುವುದಿತ್ತು. ಅದನ್ನೇ ಎರಡಡಿ ಆಳ ಮಾಡಿಸಿ, ಒಂದಿಂಚಿನ ಕಪ್ಪು ಎಚ್‌ಡಿಪಿಇ ಪೈಪನ್ನು ನೀರಿನ ಪೈಪಿನಿಂದ ಸ್ವಲ್ಪ ದೂರದಲ್ಲಿ ಇಟ್ಟೆ. ಕೂಲಿ ಬೇರೆ ಕೊಡಬೇಕಾಗಲಿಲ್ಲ. ಮಣ್ಣು ಮುಚ್ಚುವ ಮೊದಲೇ ಕೇಬಲ್ ತೂರಿಸಬೇಕು. ವರ್ಕ್‌ಶಾಪಿನ ಧೂಳು ಎಳೆಯುವ ಯಂತ್ರ ಇಲ್ಲಿ ಕೆಲಸಕ್ಕೆ ಬಂತು. ಪ್ಲಾಸ್ಟಿಕ್ ಕವರಿನ ಉಂಡೆಗೆ ನೈಲಾನ್ ದಾರ ಕಟ್ಟಿ ಈ ತುದಿಯಲ್ಲಿ ಬಿಟ್ಟು, ಆ ತುದಿಗೆ ಯಂತ್ರ ಹಚ್ಚಿದರೆ ದಾರ ಸೊರ್ ಅಂತ ಹೋಗಿಬಿಟ್ಟಿತು. ಆ ದಾರದಿಂದ ಕೇಬಲ್ ಎಳೆದೆವು. ಜೊತೆಗೆ ಇನ್ನೊಂದು ದಾರವನ್ನೂ ಪೈಪಿನಲ್ಲೇ ಬಿಟ್ಟಿದ್ದೇನೆ. ಎರಡೂ ತುದಿಯಲ್ಲಿ ಎರಡು ಮೂರು ಮೀಟರ್ ಹೆಚ್ಚುವರಿ ಕೇಬಲ್ಲನ್ನು ಊಟದ ತಟ್ಟೆಯಗಲ ಸುತ್ತಿ ಇಟ್ಟೆ. ಬಿಗಿಯಾಗಿ ಮಡಚಿದರೆ ಬೆಳಕು ಸೋರಿ ಸಿಗ್ನಲ್ ಬೀಳುತ್ತದೆ. ಪೈಪಿನ ಬಾಯಿಗಳನ್ನು ಮುಚ್ಚಲೇಬೇಕು, ಇಲ್ಲದಿದ್ದರೆ ಇರುವೆ ಸಂಸಾರ ಹೂಡುತ್ತದೆ.

ತುದಿಗೆ ಕನೆಕ್ಟರ್ ಕೂರಿಸಲು, ಗಾಜಿನ ಎಳೆಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಮಷಿನ್ ಇರುವ ಹುಡುಗನೊಬ್ಬ ಪೇಟೆಯಿಂದ ಬಂದ. ಕೇಬಲ್ ಕೆಲಸ ಮಾಡುವವರಲ್ಲಿ ಕೇಳಿದರೆ ಇಂಥವರು ಸಿಗುತ್ತಾರೆ. ಹಸಿರು ಕನೆಕ್ಟರ್, ನೀಲಿ ಕನೆಕ್ಟರ್ ಅಂತ ಎರಡು ಬಗೆ. ಹಸಿರಿನ ತುದಿ 8 ಡಿಗ್ರಿ ಓರೆಯಾಗಿರುತ್ತದೆ. ಒಂದಕ್ಕೊಂದು ಸೇರಿಸಿದರೆ ಸಿಕ್ಕಿಕೊಳ್ಳುತ್ತದೆ, ಆದರೆ ಬೆಳಕು ಸರಿಯಾಗಿ ದಾಟುವುದಿಲ್ಲ. ನನ್ನ ಪೆಟ್ಟಿಗೆಗಳಿಗೆ ನೀಲಿ ಬೇಕಿತ್ತು.

ಪೆಟ್ಟಿಗೆ ಎಂದರೆ ಮೀಡಿಯಾ ಕನ್ವರ್ಟರ್. ಲ್ಯಾನ್ ವೈರಿನ ಸಿಗ್ನಲ್ಲನ್ನು ಬೆಳಕು ಮಾಡಿ ಫೈಬರಿಗೆ ಬಿಡುವುದು, ಬಂದ ಬೆಳಕನ್ನು ಮತ್ತೆ ಸಿಗ್ನಲ್ ಮಾಡುವುದು ಇದರ ಕೆಲಸ. ಮನೆಯಲ್ಲಿ ಒಂದು, ವರ್ಕ್‌ಶಾಪಿನಲ್ಲಿ ಒಂದು. ಒಂದೇ ಎಳೆಯಲ್ಲಿ ಎರಡೂ ಕಡೆ ಮಾತಾಡಲು ಒಂದು ಪೆಟ್ಟಿಗೆ 1310 ನ್ಯಾನೋಮೀಟರ್ ತರಂಗಾಂತರದಲ್ಲಿ ಬೆಳಕು ಬಿಡುತ್ತದೆ, ಇನ್ನೊಂದು 1550ರಲ್ಲಿ. ಅದಕ್ಕೇ ಎ ಮತ್ತು ಬಿ ಅಂತ ಜೋಡಿಯಾಗಿಯೇ ಕೊಳ್ಳಬೇಕು. ಎರಡೂ ಎ ಆದರೆ ದೀಪವೇ ಹತ್ತುವುದಿಲ್ಲ. ಗಿಗಾಬಿಟ್‌ನದ್ದೇ ಇರಲಿ, ಬೆಲೆಯಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ. ಮನೆಗೆ ಬಂದ ಕಂಪನಿಯ ಫೈಬರನ್ನೇ ಕವಲು ಮಾಡಿ ತರಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಆ ಫೈಬರಿನ ಮೋಡೆಮ್ ಕಂಪನಿಯ ಕಡೆ ನೋಂದಣಿಯಾಗಿರಬೇಕು, ಇನ್ನೊಂದು ಮೋಡೆಮ್ ಅಂದರೆ ಇನ್ನೊಂದು ಕನೆಕ್ಷನ್.

ವರ್ಕ್‌ಶಾಪಿನ ಕನ್ವರ್ಟರಿನಿಂದ ಹಳೆಯ ರೌಟರ್‌ಗೆ ಚಿಕ್ಕ ಲ್ಯಾನ್ ವೈರ್. ಆ ರೌಟರಿನಲ್ಲಿ ಡಿಎಚ್‌ಸಿಪಿ (ಫೋನು, ಕಂಪ್ಯೂಟರುಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಮನೆಯ ರೌಟರಿನ ವಿಳಾಸ 192.168.1.1 ಆದ್ದರಿಂದ ಇದಕ್ಕೆ 192.168.1.2 ಕೊಟ್ಟು, ವೈರನ್ನು ಲ್ಯಾನ್ ಪೋರ್ಟಿಗೇ ಚುಚ್ಚಿದೆ. ವೈಫೈ ಹೆಸರು, ಪಾಸ್‌ವರ್ಡ್ ಮನೆಯದ್ದೇ. ಇಷ್ಟೇ.

ಸತಾಯಿಸಿದ್ದು ಕರೆಂಟು. ನಮ್ಮಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಅದಲ್ಲದೆ ಹಲಗೆ ನಯ ಮಾಡುವ ಪ್ಲೇನರಿನ ಮೋಟಾರ್ ಸ್ಟಾರ್ಟ್ ಮಾಡಿದಾಗೆಲ್ಲ ವೋಲ್ಟೇಜ್ ಕುಸಿದು ರೌಟರ್ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ರೌಟರಿಗೆ 12 ವೋಲ್ಟ್, ಕನ್ವರ್ಟರಿಗೆ 5 ವೋಲ್ಟ್ ಎರಡನ್ನೂ ಕೊಡುವ ಮಿನಿ ಯುಪಿಎಸ್ ಹಾಕಿದ ಮೇಲೆ ಆ ಕಾಟ ಹೋಯಿತು. ಮನೆಯ ತುದಿಗೂ ಒಂದು ಬೇಕು. ಅಲ್ಲಿ ಮೋಡೆಮ್ ಸತ್ತರೆ ಇಲ್ಲಿ ಯುಪಿಎಸ್ ಇದ್ದೂ ಏನು ಪ್ರಯೋಜನ? ಹಾಂ, ಗುಡುಗಿದಾಗ ಎರಡೂ ಕಡೆ ಕರೆಂಟಿನ ಪ್ಲಗ್ ಕೀಳುವುದು ಈಗಲೂ ತಪ್ಪಿಲ್ಲ. ಸಿಡಿಲು ಕರೆಂಟಿನ ಲೈನಿನಲ್ಲೂ ಬರುತ್ತದೆ.

ಮರದ ಹುಡಿ ಎಲ್ಲ ಪೆಟ್ಟಿಗೆಗಳಿಗೂ ಶತ್ರು. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ವೈಫೈ ಹೊರಗೆ ಬರುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ತೂತು ಹೊಡೆದು, ತೆಳು ಬಟ್ಟೆ ಅಂಟಿಸಿ ಗೋಡೆಗೆ ಕೂರಿಸಿದ್ದೇನೆ. ಸಿಎನ್‌ಸಿ ಕಂಪ್ಯೂಟರಿಗೆ ವೈಫೈ ಬೇಡ, ವೈರ್ ಇರಲಿ. ಫೈಲ್ ಪೂರ್ತಿ ಇಳಿಸಿಕೊಂಡ ಮೇಲೆಯೇ ಯಂತ್ರ ಓಡಿಸುವುದು ನನ್ನ ರೂಢಿ. ಸಾಗುವಾನಿ ಹಲಗೆಯ ಬೆಲೆ ನೋಡಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ.

ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದ ಮೇಲೆ ಸಿಗ್ನಲ್ ಇಲ್ಲದ ಜಾಗದಲ್ಲೂ ಮಾಮೂಲಿ ಕಾಲ್ ಬರುತ್ತದೆ, ನನ್ನ ಫೋನಿಗೆ ಒಟಿಪಿಯೂ ಬರುತ್ತದೆ. ಕಾಫಿಗೆ ಬಾ ಅಂತ ಕೂಗುತ್ತಿದ್ದ ಅಮ್ಮ ಈಗ ಫೋನ್ ಮಾಡುತ್ತಾಳೆ.

ನೀವು ಎಳೆಸುವುದಾದರೆ ಎರಡು ಕೋರ್ ಇರುವ ಕೇಬಲ್ಲನ್ನೇ ತನ್ನಿ. ಮೀಟರಿಗೆ ಕೆಲವೇ ರೂಪಾಯಿ ಜಾಸ್ತಿ. ಒಂದು ಎಳೆ ಕೈಕೊಟ್ಟರೆ ಇನ್ನೊಂದಕ್ಕೆ ಕನೆಕ್ಟರ್ ಹಾಕಿಸಿದರಾಯಿತು, ಕಾಲುವೆ ಮತ್ತೆ ತೋಡಬೇಕಿಲ್ಲ.